ಪ್ರಾಜೆಕ್ಟ್‌ನಲ್ಲಿ ಗುಣಮಟ್ಟ: ಅದು ಏನು, ಅದನ್ನು ತರುವುದು ಹೇಗೆ? ಮೊದಲ ಮೀಟಿಂಗ್‌ನಿಂದ ಹಸ್ತಾಂತರದವರೆಗೆ

ಯಾವ ಪ್ರಾಜೆಕ್ಟ್‌ನ ಮೊದಲ ಮೀಟಿಂಗ್‌ಗೆ ಹೋದರೂ ಒಂದು ಮಾತು ಕೇಳಿಯೇ ಕೇಳುತ್ತೀರಿ. "ಕ್ವಾಲಿಟಿ ಚೆನ್ನಾಗಿರಬೇಕು, ಅದರಲ್ಲಿ ಮಾತ್ರ ರಾಜಿ ಇಲ್ಲ." ಎಲ್ಲರೂ ತಲೆಯಾಡಿಸುತ್ತಾರೆ. ಚೆನ್ನಾಗಿರುವುದು ಅಂದರೆ ಏನು ಅಂತ ಮಾತ್ರ ಯಾರೂ ಕೇಳುವುದಿಲ್ಲ. ದುಡ್ಡು ಕೊಡುವವರ ತಲೆಯಲ್ಲಿ ಒಂದು ಚಿತ್ರ ಇರುತ್ತದೆ, ಕೆಲಸ ಮಾಡುವವರ ತಲೆಯಲ್ಲಿ ಇನ್ನೊಂದು. ಕೊನೆಗೆ ಬಳಸುವವರನ್ನಂತೂ ಯಾರೂ ಮಾತಾಡಿಸಿಯೇ ಇರುವುದಿಲ್ಲ. ಆರು ತಿಂಗಳಾದ ಮೇಲೆ ಕೆಲಸ ಕೈಗೆ ಬಂದಾಗ "ನಾವು ಕೇಳಿದ್ದು ಇದಲ್ಲ" ಎಂಬ ಜಗಳ ಶುರುವಾಗುತ್ತದೆ. ಬೇಸರದ ವಿಷಯ ಏನೆಂದರೆ ಆ ಜಗಳದಲ್ಲಿ ಎರಡೂ ಕಡೆಯವರು ಹೇಳುವುದು ನಿಜವೇ ಆಗಿರುತ್ತದೆ.

ನಾನು ಇಂಥ ಜಗಳದಲ್ಲಿ ಎರಡೂ ಕಡೆ ಕೂತಿದ್ದೇನೆ. ಕೆಲಸ ಮಾಡಿಕೊಟ್ಟವನಾಗಿಯೂ ಕೂತಿದ್ದೇನೆ, ಮಾಡಿಸಿಕೊಂಡವನಾಗಿಯೂ ಕೂತಿದ್ದೇನೆ. ಅದರಿಂದ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಇಷ್ಟು. "ಇದು ಸರಿಯಾಗಿದೆ ಅಂತ ನಮಗೆ ಹೇಗೆ ಗೊತ್ತಾಗುತ್ತದೆ?" ಎಂಬ ಪ್ರಶ್ನೆಯನ್ನು ಕೆಲಸ ಶುರುವಾಗುವ ಮೊದಲೇ ಕೇಳಬೇಕು, ಉತ್ತರವನ್ನು ಬರೆದಿಡಬೇಕು, ಆಮೇಲೆ ಪ್ರತಿ ಹೆಜ್ಜೆಯಲ್ಲೂ ಆ ಉತ್ತರದ ಪಕ್ಕದಲ್ಲಿ ಕೆಲಸವನ್ನು ಇಟ್ಟು ನೋಡಬೇಕು. ಇದನ್ನು ಮಾಡುವುದು ಹೇಗೆ ಅಂತ ಒಂದೊಂದೇ ಹಂತವಾಗಿ ಹೇಳುತ್ತೇನೆ. ಉದ್ದಕ್ಕೂ ಎರಡು ಉದಾಹರಣೆ ಇಟ್ಟುಕೊಳ್ಳೋಣ. ಒಂದು, ಕ್ಲಿನಿಕ್‌ಗೆ ಆನ್‌ಲೈನ್ ಅಪಾಯಿಂಟ್‌ಮೆಂಟ್ ವ್ಯವಸ್ಥೆ ಮಾಡಿಕೊಡುವುದು. ಇನ್ನೊಂದು, ಮನೆಯ ಬಚ್ಚಲುಮನೆ ಕಟ್ಟುವುದು. ಒಂದನ್ನು ಕಣ್ಣಿಂದ ನೋಡಲು ಆಗುವುದಿಲ್ಲ, ಇನ್ನೊಂದರ ಮುಖ್ಯ ಭಾಗ ಟೈಲ್ಸ್ ಕೆಳಗೆ ಮುಚ್ಚಿಹೋಗುತ್ತದೆ.

ಮೊದಲು ಆ ಪದ ಸ್ಪಷ್ಟವಾಗಲಿ

ಗುಣಮಟ್ಟ ಎಂದರೆ ದುಬಾರಿ ಎಂದಲ್ಲ, ಚಂದ ಎಂದೂ ಅಲ್ಲ. ಈ ವಿಷಯದಲ್ಲಿ ದಶಕಗಟ್ಟಲೆ ಕೆಲಸ ಮಾಡಿದ ಇಬ್ಬರ ವಿವರಣೆ ನನಗೆ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಜೋಸೆಫ್ ಜುರಾನ್ ಪ್ರಕಾರ ಬಳಕೆಗೆ ಒದಗುವುದೇ ಗುಣಮಟ್ಟ. ಫಿಲಿಪ್ ಕ್ರಾಸ್ಬಿ ಪ್ರಕಾರ ಒಪ್ಪಿಕೊಂಡ ಅಗತ್ಯಗಳಿಗೆ ತಕ್ಕಂತೆ ಇರುವುದು ಗುಣಮಟ್ಟ. ಎರಡೂ ಒಂದೇ ಅನ್ನಿಸಬಹುದು, ಆದರೆ ಇವುಗಳ ನಡುವಿನ ಜಾಗದಲ್ಲೇ ಬಹಳ ಪ್ರಾಜೆಕ್ಟ್‌ಗಳು ಸೋಲುತ್ತವೆ. ಕಾಗದದಲ್ಲಿ ಬರೆದಿದ್ದನ್ನೆಲ್ಲ ಸರಿಯಾಗಿ ಮಾಡಿರುತ್ತಾರೆ, ಆದರೆ ಬಳಸುವವರಿಗೆ ಅದರಿಂದ ಪ್ರಯೋಜನ ಇರುವುದಿಲ್ಲ. ಅಥವಾ ಬಳಸುವವರಿಗೆ ಇಷ್ಟವಾಗಿರುತ್ತದೆ, ಆದರೆ ಒಪ್ಪಂದದಲ್ಲಿ ಇದ್ದದ್ದು ಅದಲ್ಲ, ಹಾಗಾಗಿ ಬಿಲ್ ಪಾಸ್ ಆಗುವುದಿಲ್ಲ. ನಿಮಗೆ ಎರಡೂ ಬೇಕು.

ಇನ್ನೊಂದು ಗೊಂದಲ ಇದೆ. ದರ್ಜೆ ಬೇರೆ, ಗುಣಮಟ್ಟ ಬೇರೆ. ಬಚ್ಚಲಿಗೆ ಸಾಧಾರಣ ಬೆಲೆಯ ಟೈಲ್ಸ್ ಹಾಕಿ, ನೀರು ಒಂದು ಹನಿಯೂ ನಿಲ್ಲದ ಹಾಗೆ ಇಳಿಜಾರು ಕೊಟ್ಟು, ಗೋಡೆಗೆ ತೇವ ಹೋಗದ ಹಾಗೆ ಮಾಡಿದರೆ ಅದು ಕಡಿಮೆ ದರ್ಜೆಯದ್ದು, ಆದರೆ ಒಳ್ಳೆಯ ಗುಣಮಟ್ಟದ್ದು. ಅಮೃತಶಿಲೆ ಹಾಸಿದ ಬಚ್ಚಲಲ್ಲಿ ಮೂಲೆಯಲ್ಲಿ ನೀರು ನಿಂತರೆ ದರ್ಜೆ ದೊಡ್ಡದು, ಗುಣಮಟ್ಟ ಇಲ್ಲ. ದುಡ್ಡು ಕಡಿಮೆ ಇದ್ದಾಗ ದರ್ಜೆ ಇಳಿಸಬಹುದು, ಅದು ತಪ್ಪೇನಲ್ಲ, ಮುಂಚೆಯೇ ಹೇಳಿ ಇಳಿಸಿದರೆ ಆಯಿತು. ಗುಣಮಟ್ಟ ಇಳಿಸಿದರೆ ಮಾತ್ರ ಎಷ್ಟು ಅಗ್ಗವಾದರೂ ಪ್ರಯೋಜನವಿಲ್ಲ.

ಕೇಳದೇ ಇದ್ದದ್ದನ್ನು ಸೇರಿಸುವುದೂ ಗುಣಮಟ್ಟ ಅಲ್ಲ. ಕ್ಲಿನಿಕ್ ವ್ಯವಸ್ಥೆಗೆ ಯಾರೂ ಕೇಳದ ಹತ್ತು ಬಣ್ಣದ ಥೀಮ್ ಸೇರಿಸುವ ಹುಮ್ಮಸ್ಸು ಟೀಮ್‌ಗೆ ಬರುತ್ತದೆ. ಒಳ್ಳೆಯ ಮನಸ್ಸಿಂದಲೇ ಬರುತ್ತದೆ. ಆದರೆ ಸೇರಿಸಿದ ಪ್ರತಿಯೊಂದನ್ನೂ ಪರೀಕ್ಷೆ ಮಾಡಬೇಕು, ಮುಂದೆ ನೋಡಿಕೊಳ್ಳಬೇಕು, ಅದು ಕೆಟ್ಟರೆ ಸರಿ ಮಾಡಬೇಕು. ಆ ಸಮಯ ನಿಜವಾಗಿ ಬೇಕಾದ ಕೆಲಸದಿಂದಲೇ ಹೋಗುತ್ತದೆ.

ಹಂತ 1: ಯಾರಿಗೆ ಸರಿಯಾಗಿರಬೇಕು ಅಂತ ಪಟ್ಟಿ ಮಾಡಿ

ಕಾಗದ ತೆಗೆದುಕೊಂಡು ಈ ಕೆಲಸ ಮುಗಿದ ಮೇಲೆ ಅದನ್ನು ಮುಟ್ಟುವವರೆಲ್ಲರ ಹೆಸರು ಬರೆಯಿರಿ. ಕ್ಲಿನಿಕ್ ಉದಾಹರಣೆಯಲ್ಲಿ ದುಡ್ಡು ಕೊಡುವವರು ವೈದ್ಯರು. ಆದರೆ ದಿನವಿಡೀ ಸ್ಕ್ರೀನ್ ಮುಂದೆ ಕೂರುವವರು ರಿಸೆಪ್ಶನ್‌ನವರು. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವವರು ರೋಗಿಗಳು. ಎಷ್ಟೋ ಸಲ ರೋಗಿಯ ಪರವಾಗಿ ಮಗಳೋ ಮೊಮ್ಮಗನೋ ಮಾಡುತ್ತಾರೆ. ರಾತ್ರಿ ಸರ್ವರ್ ಕೆಟ್ಟರೆ ಎದ್ದು ಕೂರುವವರು ಇನ್ನೊಬ್ಬರು. ಇವರಲ್ಲಿ ಒಬ್ಬರನ್ನು ಬಿಟ್ಟರೂ ಕೊನೆಯಲ್ಲಿ ಅವರ ಕಡೆಯಿಂದಲೇ ದೂರು ಬರುತ್ತದೆ.

ಪ್ರತಿಯೊಬ್ಬರ ಜೊತೆ ಅರ್ಧ ಗಂಟೆ ಕೂತು ಮೂರು ಪ್ರಶ್ನೆ ಕೇಳಿ. ಈಗಿನ ವ್ಯವಸ್ಥೆಯಲ್ಲಿ ನಿಮಗೆ ಅತಿ ಹೆಚ್ಚು ತೊಂದರೆ ಕೊಡುವುದು ಯಾವುದು? ಹೊಸದರಲ್ಲಿ ಯಾವ ಒಂದು ವಿಷಯ ಕೆಟ್ಟರೆ ನೀವು ಅದನ್ನು ಬಳಸುವುದನ್ನೇ ಬಿಟ್ಟುಬಿಡುತ್ತೀರಿ? ಕೆಲಸ ಮುಗಿದ ದಿನ ನೀವು ಮೊದಲು ಏನನ್ನು ಪರೀಕ್ಷೆ ಮಾಡಿ ನೋಡುತ್ತೀರಿ? ಮೂರನೇ ಪ್ರಶ್ನೆ ನನಗೆ ತುಂಬಾ ಇಷ್ಟ. "ಏನು ಬೇಕು" ಅಂತ ಕೇಳಿದರೆ ಜನ ಆಸೆಗಳನ್ನು ಹೇಳುತ್ತಾರೆ, "ಏನನ್ನು ಪರೀಕ್ಷೆ ಮಾಡುತ್ತೀರಿ" ಅಂತ ಕೇಳಿದರೆ ತಮ್ಮ ಭಯವನ್ನು ಹೇಳುತ್ತಾರೆ. ರಿಸೆಪ್ಶನ್‌ನವರು "ಒಂದೇ ಟೈಮ್‌ಗೆ ಇಬ್ಬರನ್ನು ಹಾಕಿ ನೋಡ್ತೀನಿ" ಎಂದರೆ ನಿಮ್ಮ ಅತಿ ಮುಖ್ಯ ಅಗತ್ಯ ಅಲ್ಲೇ ಸಿಕ್ಕಿತು ಅಲ್ವಾ?

ಹಂತ 2: ಪ್ರತಿ ಅಗತ್ಯವನ್ನೂ ಅಳತೆಗೆ ಸಿಗುವ ಹಾಗೆ ಬರೆಯಿರಿ

ಇಡೀ ಕೆಲಸದಲ್ಲಿ ಅತಿ ಮುಖ್ಯ ಹಂತ ಇದು. ಇಲ್ಲಿ ಜಾಸ್ತಿ ಸಮಯ ಕೊಡಿ.

"ಬೇಗ ಓಪನ್ ಆಗಬೇಕು" ಎಂಬುದು ಅಗತ್ಯ ಅಲ್ಲ, ಆಸೆ. "ಸಾಧಾರಣ ಮೊಬೈಲ್‌ನಲ್ಲಿ, ನಿಧಾನದ ನೆಟ್‌ವರ್ಕ್‌ನಲ್ಲಿ, ಮೊದಲ ಪುಟ 4 ಸೆಕೆಂಡ್ ಒಳಗೆ ಕಾಣಬೇಕು, 20 ಸಲ ನೋಡಿದರೆ ಕನಿಷ್ಠ 19 ಸಲ" ಎಂದರೆ ಅದು ಅಗತ್ಯ. "ನೀರು ಸರಿಯಾಗಿ ಹರಿಯಬೇಕು" ಎಂದರೆ ಮೇಸ್ತ್ರಿಗೆ ಒಂದು ಅರ್ಥ, ಮನೆಯವರಿಗೆ ಇನ್ನೊಂದು. "ಮೀಟರಿಗೆ 10 ಮಿಲಿಮೀಟರ್ ಇಳಿಜಾರು ಇರಬೇಕು, ಒಂದು ಬಕೆಟ್ ನೀರು ಸುರಿದು ಹತ್ತು ನಿಮಿಷ ಬಿಟ್ಟರೆ ಎಲ್ಲೂ ಮಡುಗಟ್ಟಿ ನಿಂತಿರಬಾರದು" ಎಂದರೆ ವಾದಕ್ಕೆ ಜಾಗವೇ ಇಲ್ಲ.

ಪ್ರತಿ ಅಗತ್ಯಕ್ಕೂ ಐದು ವಿಷಯ ತುಂಬಿ. ಏನನ್ನು ಅಳೆಯುತ್ತೇವೆ, ಯಾವ ಉಪಕರಣ ಅಥವಾ ವಿಧಾನದಿಂದ, ಎಷ್ಟು ಇದ್ದರೆ ಸರಿ, ಎಷ್ಟು ಆಚೀಚೆಯಾದರೆ ಪರವಾಗಿಲ್ಲ, ಯಾರು ನೋಡಿ ಒಪ್ಪುತ್ತಾರೆ. ನಾಲ್ಕನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಆಚೀಚೆ ಎಷ್ಟು ಅಂತ ಹೇಳದೆ ಬರೀ ಒಂದು ಸಂಖ್ಯೆ ಕೊಟ್ಟರೆ ಆ ಸಂಖ್ಯೆಗೆ ಅರ್ಥವಿಲ್ಲ, ಯಾಕೆಂದರೆ ಜಗತ್ತಿನಲ್ಲಿ ಯಾವ ಕೆಲಸವೂ ಕರಾರುವಾಕ್ಕಾಗಿ ಒಂದೇ ಸಂಖ್ಯೆಗೆ ಬಂದು ನಿಲ್ಲುವುದಿಲ್ಲ. ಕೆಲವಕ್ಕೆ ಸಡಿಲಿಕೆ ಕೊಡಬಹುದು, ಕೆಲವಕ್ಕೆ ಕೊಡಬಾರದು. ಕ್ಲಿನಿಕ್‌ನಲ್ಲಿ ಪುಟ 4 ಸೆಕೆಂಡ್ ಬದಲು 5 ಸೆಕೆಂಡ್ ಆದರೆ ಯಾರಿಗೂ ಅಪಾಯ ಇಲ್ಲ. ಒಬ್ಬ ರೋಗಿಯ ವಿವರ ಇನ್ನೊಬ್ಬರಿಗೆ ಕಾಣುವುದು ಒಂದು ಸಲವೂ ಆಗಬಾರದು. ಈ ಎರಡು ಬಗೆಯನ್ನು ಬೇರೆ ಬೇರೆ ಪಟ್ಟಿಯಲ್ಲಿ ಇಡಿ.

ಇಲ್ಲೊಂದು ಎಚ್ಚರಿಕೆ. ಹಳೆಯ ಪ್ರಾಜೆಕ್ಟ್‌ನ ಪಟ್ಟಿಯನ್ನು ಸುಮ್ನೆ ಕಾಪಿ ಮಾಡಬೇಡಿ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಮೊದಲ ಹಾರಾಟದಲ್ಲೇ ಚೂರಾಯಿತು. ಮೇಲೆದ್ದು ನಿಮಿಷವೂ ಆಗಿರಲಿಲ್ಲ. ಅದರ ಸಾಫ್ಟ್‌ವೇರ್‌ನ ಒಂದು ಭಾಗ ಏರಿಯಾನ್ 4ರಿಂದ ಬಂದಿತ್ತು, ಅಲ್ಲಿ ಚೆನ್ನಾಗಿಯೇ ಕೆಲಸ ಮಾಡಿತ್ತು. ಹೊಸ ರಾಕೆಟ್‌ನ ಅಡ್ಡ ವೇಗ ಜಾಸ್ತಿ ಇತ್ತು. ಆ ದೊಡ್ಡ ಸಂಖ್ಯೆ 16 ಬಿಟ್‌ನ ಜಾಗದಲ್ಲಿ ಹಿಡಿಸಲಿಲ್ಲ, ದಾರಿ ತೋರಿಸುವ ಕಂಪ್ಯೂಟರ್ ನಿಂತುಹೋಯಿತು. ಹಳೆಯದನ್ನು ಬಳಸುವುದು ತಪ್ಪಲ್ಲ. ಹಳೆಯದರ ಮಿತಿಗಳು ಹೊಸ ಕೆಲಸಕ್ಕೆ ಸಾಕೇ ಅಂತ ಒಂದೊಂದು ಸಾಲಿನ ಮುಂದೆಯೂ ಕೇಳಿಕೊಳ್ಳಿ.

ಹಂತ 3: ಗುಣಮಟ್ಟದ ಖರ್ಚನ್ನು ಮೊದಲೇ ಬಜೆಟ್‌ಗೆ ಸೇರಿಸಿ

ಈ ಖರ್ಚು ನಾಲ್ಕು ಬಗೆಯದ್ದು. ತಪ್ಪು ಆಗದಂತೆ ತಡೆಯುವ ಖರ್ಚು, ಅಂದರೆ ತರಬೇತಿ, ಒಳ್ಳೆಯ ಸಾಮಾನು, ಯೋಚಿಸುವ ಸಮಯ. ತಪ್ಪಿದೆಯೇ ಅಂತ ನೋಡುವ ಖರ್ಚು, ಅಂದರೆ ಪರೀಕ್ಷೆ, ರಿವ್ಯೂ, ತಪಾಸಣೆ. ಕೆಲಸ ಒಪ್ಪಿಸುವ ಮೊದಲು ಸಿಕ್ಕ ತಪ್ಪನ್ನು ಸರಿ ಮಾಡುವ ಖರ್ಚು. ಒಪ್ಪಿಸಿದ ಮೇಲೆ ಹೊರಗೆ ಕಂಡ ತಪ್ಪಿನ ಖರ್ಚು. ಮೊದಲ ಎರಡು ನೀವಾಗಿ ಮಾಡುವ ಖರ್ಚು. ಕೊನೆಯ ಎರಡು ತಾವಾಗಿ ಬಂದು ಮೈಮೇಲೆ ಬೀಳುವಂಥವು.

ಬಚ್ಚಲಿನ ಇಳಿಜಾರು ತಪ್ಪಾಗಿದೆ ಅಂದುಕೊಳ್ಳಿ. ನಕ್ಷೆಯಲ್ಲೇ ಕಂಡರೆ ರಬ್ಬರ್‌ನಿಂದ ಅಳಿಸಿ ಇನ್ನೊಂದು ಗೆರೆ ಎಳೆದರೆ ಮುಗಿಯಿತು. ಟೈಲ್ಸ್ ಹಾಕುವ ಮೊದಲು ಕಂಡರೆ ಒಂದು ದಿನದ ಕೆಲಸ. ಹಾಕಿದ ಮೇಲೆ ಕಂಡರೆ ಒಡೆಯಬೇಕು, ಒಡೆಯುವಾಗ ಕೆಳಗಿನ ವಾಟರ್‌ಪ್ರೂಫಿಂಗ್ ಪದರಕ್ಕೂ ಪೆಟ್ಟಾಗುತ್ತದೆ. ಜನ ವಾಸಕ್ಕೆ ಬಂದ ಮೇಲೆ ಕಂಡರೆ ಕೆಳಗಿನ ಮನೆಯ ಚಾವಣಿ, ಅವರ ಪೇಂಟ್, ಅವರ ಸಿಟ್ಟು, ನಿಮ್ಮ ಹೆಸರು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ತಪ್ಪು ಅದೇ. ಬೆಲೆ ಮಾತ್ರ ಪ್ರತಿ ಹಂತದಲ್ಲೂ ಏರುತ್ತಾ ಹೋಗುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಾನು ಬಜೆಟ್ ಮೀಟಿಂಗ್‌ಗಳಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಹಾಗಾಗಿ ವೇಳಾಪಟ್ಟಿ ಮಾಡುವಾಗ ಪರೀಕ್ಷೆಯ ದಿನಗಳನ್ನೂ, ಪರೀಕ್ಷೆಯಲ್ಲಿ ಸಿಕ್ಕಿದ್ದನ್ನು ಸರಿ ಮಾಡುವ ದಿನಗಳನ್ನೂ, ಸರಿ ಮಾಡಿದ್ದನ್ನು ಮತ್ತೆ ಪರೀಕ್ಷೆ ಮಾಡುವ ದಿನಗಳನ್ನೂ ಬೇರೆ ಬೇರೆ ಸಾಲಾಗಿ ಬರೆಯಿರಿ. ಬರೀ "ಟೆಸ್ಟಿಂಗ್, 5 ದಿನ" ಅಂತ ಬರೆದರೆ ಒಂದೂ ತಪ್ಪು ಸಿಗುವುದಿಲ್ಲ ಅಂತ ನಂಬಿ ಬರೆದ ಹಾಗೆ.

ಹಂತ 4: ಒಂದು ಪುಟದ ಗುಣಮಟ್ಟ ಯೋಜನೆ ಬರೆಯಿರಿ

ನಲವತ್ತು ಪುಟದ ಯೋಜನೆ ಬೇಡ, ಅದನ್ನು ಯಾರೂ ಓದುವುದಿಲ್ಲ. ಒಂದು ಪುಟದ ಕೋಷ್ಟಕ ಸಾಕು. ಕೆಲಸದ ಭಾಗ, ಅದಕ್ಕೆ ಹಂತ 2ರಲ್ಲಿ ಬರೆದ ಅಗತ್ಯ, ಯಾವಾಗ ಪರೀಕ್ಷೆ, ಯಾರು ಮಾಡುತ್ತಾರೆ, ಫೇಲಾದರೆ ಏನು. ಫೇಲಾದರೆ ಏನು ಎಂಬ ಕೊನೆಯ ಕಾಲಂ ಖಾಲಿ ಬಿಡಬೇಡಿ. ಅದು ಖಾಲಿ ಇದ್ದರೆ ಪರೀಕ್ಷೆ ಫೇಲಾದ ದಿನ ಎಲ್ಲರೂ ಸೇರಿ "ಈ ಸಲ ಬಿಡೋಣ" ಅಂತ ತೀರ್ಮಾನ ಮಾಡುತ್ತಾರೆ.

ಇದರಲ್ಲಿ ಕೆಲವು ಜಾಗಗಳಿಗೆ ಕೆಂಪು ಗುರುತು ಹಾಕಿ. ಮುಂದೆ ಮುಚ್ಚಿಹೋಗುವ ಕೆಲಸ, ಅಥವಾ ಮುಂದೆ ಎಲ್ಲವೂ ಅದರ ಮೇಲೆ ನಿಲ್ಲುವ ಕೆಲಸ. ಅಲ್ಲಿ ಪರೀಕ್ಷೆ ಪಾಸಾಗದೆ ಮುಂದಿನ ಕೆಲಸ ಶುರುವಾಗಬಾರದು. ಬಚ್ಚಲಿನಲ್ಲಿ ವಾಟರ್‌ಪ್ರೂಫಿಂಗ್ ಆದ ಮೇಲೆ, ಟೈಲ್ಸ್‌ಗೆ ಮೊದಲು, 24 ಗಂಟೆ ನೀರು ಕಟ್ಟಿ ನಿಲ್ಲಿಸಿ ಕೆಳಗೆ ತೇವ ಬರುತ್ತದೆಯೇ ಅಂತ ನೋಡುವುದು ಅಂಥ ಜಾಗ. ಕ್ಲಿನಿಕ್ ವ್ಯವಸ್ಥೆಯಲ್ಲಿ ಹಳೆಯ ರೋಗಿಗಳ ದಾಖಲೆಯನ್ನು ಹೊಸದಕ್ಕೆ ಸಾಗಿಸುವುದು ಅಂಥ ಜಾಗ. ಅಲ್ಲಿ ಹೆಸರುಗಳು ಕಲಸಿಹೋದರೆ ಆಮೇಲೆ ಎಷ್ಟು ಚಂದದ ಸ್ಕ್ರೀನ್ ಮಾಡಿದರೂ ಉಪಯೋಗವಿಲ್ಲ.

ಪರೀಕ್ಷೆ ಮಾಡುವವರ ಹೆಸರನ್ನು ಬರೆಯುವಾಗ "ಟೀಮ್" ಅಂತ ಬರೆಯಬೇಡಿ. ಒಬ್ಬರ ಹೆಸರು ಬರೆಯಿರಿ. ಕೆಲಸ ಮಾಡಿದವರೇ ಅಂತಿಮ ಪರೀಕ್ಷೆ ಮಾಡುವುದು ಬೇಡ. ನಂಬಿಕೆ ಇಲ್ಲ ಅಂತಲ್ಲ. ತಾನು ಬರೆದ ಪತ್ರದ ಕಾಗುಣಿತದ ತಪ್ಪು ತನಗೆ ಕಾಣುವುದಿಲ್ಲ, ಅಷ್ಟೇ.

ಹಂತ 5: ಕೆಲಸ ನಡೆಯುವಾಗಲೇ ಗುಣಮಟ್ಟ ಸೇರಲಿ

ಇಲ್ಲಿ ಒಂದು ಚಿಕ್ಕ ಲೆಕ್ಕ ನೋಡಿ. ನಿಮ್ಮ ಕೆಲಸದಲ್ಲಿ ಹತ್ತು ಹೆಜ್ಜೆ ಇವೆ, ಪ್ರತಿ ಹೆಜ್ಜೆಯೂ ನೂರಕ್ಕೆ 95 ಸಲ ಸರಿಯಾಗುತ್ತದೆ. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಹತ್ತೂ ಹೆಜ್ಜೆ ಒಂದೇ ಸಲಕ್ಕೆ ಸರಿಯಾಗಿ ದಾಟುವುದು ನೂರಕ್ಕೆ ಸುಮಾರು 60 ಸಲ ಮಾತ್ರ. ಉಳಿದ 40 ಸಲ ಎಲ್ಲೋ ಒಂದು ಕಡೆ ಮತ್ತೆ ಮಾಡಬೇಕು. ಪ್ರತಿ ಹೆಜ್ಜೆಯನ್ನು 99ಕ್ಕೆ ಏರಿಸಿದರೆ ಒಟ್ಟು 90ಕ್ಕೆ ಬರುತ್ತದೆ. ಕೊನೆಯಲ್ಲಿ ಎಷ್ಟೇ ಗಟ್ಟಿ ತಪಾಸಣೆ ಇಟ್ಟರೂ ಈ ಲಾಭ ಸಿಗುವುದಿಲ್ಲ, ಯಾಕೆಂದರೆ ತಪಾಸಣೆ ತಪ್ಪನ್ನು ಹುಡುಕುತ್ತದೆಯೇ ಹೊರತು ತಪ್ಪು ಹುಟ್ಟುವುದನ್ನು ನಿಲ್ಲಿಸುವುದಿಲ್ಲ. ಕೆಲಸದ ರೀತಿಯನ್ನೇ ಸರಿಯಾಗಿ ಇಡುವುದಕ್ಕೆ ಕ್ವಾಲಿಟಿ ಅಶ್ಯೂರೆನ್ಸ್ ಅಂತಾರೆ, ತಯಾರಾದದ್ದನ್ನು ಅಳೆದು ನೋಡುವುದಕ್ಕೆ ಕ್ವಾಲಿಟಿ ಕಂಟ್ರೋಲ್ ಅಂತಾರೆ. ಕಂಪನಿಗಳಲ್ಲಿ ಈ ಎರಡು ಹೆಸರನ್ನೂ ಒಂದೇ ಅರ್ಥದಲ್ಲಿ ಬಳಸುವುದು ನೋಡಿದ್ದೇನೆ. ಹಾಗೆ ಬಳಸಿದ ಕಡೆ ಮೊದಲನೆಯದು ಯಾರ ಕೆಲಸವೂ ಆಗಿರುವುದಿಲ್ಲ.

ಹಾಗಾದರೆ ಏನು ಮಾಡಬೇಕು? "ಮುಗಿಯಿತು" ಎಂಬ ಪದಕ್ಕೆ ಟೀಮ್ ಒಳಗೆ ಒಂದೇ ಅರ್ಥ ಇರಲಿ. ಕೋಡ್ ಬರೆದರೆ ಮುಗಿದಂತೆಯೋ, ಇನ್ನೊಬ್ಬರು ಓದಿ ಒಪ್ಪಿದರೆ ಮುಗಿದಂತೆಯೋ, ಪರೀಕ್ಷೆ ಪಾಸಾಗಿ ಬಳಕೆಯ ಕೈಪಿಡಿ ಬರೆದ ಮೇಲೆ ಮುಗಿದಂತೆಯೋ? ನಾಲ್ಕು ಸಾಲಿನಲ್ಲಿ ಬರೆದು ಎಲ್ಲರಿಗೂ ಕಾಣುವ ಕಡೆ ಅಂಟಿಸಿ. ಇದನ್ನು ಮಾಡಿದ ಮೊದಲ ವಾರ ಮುಗಿದ ಕೆಲಸಗಳ ಸಂಖ್ಯೆ ದಿಢೀರನೆ ಇಳಿಯುತ್ತದೆ. ಗಾಬರಿ ಬೇಡ. ನಿಜವಾದ ಸಂಖ್ಯೆ ಈಗ ಕಾಣುತ್ತಿದೆ.

ದೊಡ್ಡ ಕೆಲಸವಾದರೆ ಮೊದಲು ಒಂದು ಮಾದರಿ ಮಾಡಿಸಿ. ಇಪ್ಪತ್ತು ಬಚ್ಚಲು ಕಟ್ಟಬೇಕಿದ್ದರೆ ಒಂದನ್ನು ಪೂರ್ತಿ ಮುಗಿಸಿ, ಎಲ್ಲರೂ ಬಂದು ನೋಡಿ, ಒಪ್ಪಿ, ಫೋಟೋ ತೆಗೆದು, ಆಮೇಲೆ ಉಳಿದ ಹತ್ತೊಂಬತ್ತಕ್ಕೆ ಕೈ ಹಾಕಿ. ಹತ್ತು ಸ್ಕ್ರೀನ್‌ಗೂ ಇದೇ ಮಾತು. ಒಬ್ಬರ ಕೆಲಸವನ್ನು ಇನ್ನೊಬ್ಬರು ಓದುವ ಪದ್ಧತಿ ಕೂಡ ಹಳೆಯದೇ. ಐಬಿಎಂನ ಮೈಕಲ್ ಫೇಗನ್ 1976ರಲ್ಲಿ ಸಾಫ್ಟ್‌ವೇರ್ ಕೋಡನ್ನು ಹೀಗೆ ಕ್ರಮಬದ್ಧವಾಗಿ ಓದಿ ತಪ್ಪು ಹುಡುಕುವ ವಿಧಾನವನ್ನು ಪ್ರಕಟಿಸಿದರು. ಪರೀಕ್ಷೆಗೆ ಹೋಗುವ ಮೊದಲೇ ಓದಿ ಹಿಡಿಯುವ ತಪ್ಪು ಎಲ್ಲಕ್ಕಿಂತ ಅಗ್ಗ.

ಕೊನೆಯದಾಗಿ, ತಪ್ಪು ಕಂಡವರಿಗೆ ಕೆಲಸ ನಿಲ್ಲಿಸುವ ಹಕ್ಕು ಕೊಡಿ. ಟೊಯೊಟಾ ಕಾರ್ಖಾನೆಯಲ್ಲಿ ಸಾಮಾನ್ಯ ಕೆಲಸಗಾರರು ಹಗ್ಗ ಎಳೆದು ತೊಂದರೆ ಇದೆ ಅಂತ ತಿಳಿಸಬಹುದು, ಅದು ಬಗೆಹರಿಯದಿದ್ದರೆ ಕಾರು ಜೋಡಿಸುವ ಸಾಲೇ ನಿಲ್ಲುತ್ತದೆ. ಹಗ್ಗ ಇಡುವುದು ಸುಲಭ. ಎಳೆದವರನ್ನು ಯಾರೂ ಬೈಯದ ವಾತಾವರಣ ಇಡುವುದು ಕಷ್ಟ, ಮತ್ತು ಆ ಕೆಲಸ ಮ್ಯಾನೇಜರ್‌ದು. ಒಂದು ಸಲ ಬೈದರೆ ಸಾಕು, ಆಮೇಲೆ ನಿಮಗೆ ತಪ್ಪುಗಳ ಸುದ್ದಿ ಬರುವುದೇ ನಿಲ್ಲುತ್ತದೆ.

ಹಂತ 6: ಅಳೆಯಿರಿ, ಅಳೆಯುವ ಸಾಧನವನ್ನೂ ಅಳೆಯಿರಿ

ಹಬಲ್ ದೂರದರ್ಶಕದ ಕತೆ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. 1990ರಲ್ಲಿ ಆಕಾಶಕ್ಕೆ ಹೋದ ಮೇಲೆ ಅದರ ಚಿತ್ರಗಳು ಮಸುಕಾಗಿ ಬಂದವು. 2.4 ಮೀಟರ್ ಅಗಲದ ಮುಖ್ಯ ಕನ್ನಡಿಯ ಅಂಚು ಸುಮಾರು 2.2 ಮೈಕ್ರಾನ್‌ನಷ್ಟು ಜಾಸ್ತಿ ಚಪ್ಪಟೆಯಾಗಿತ್ತು, ಕೂದಲಿಗಿಂತ ಎಷ್ಟೋ ಪಾಲು ಕಡಿಮೆ. ಉಜ್ಜಿದವರು ಅಜಾಗರೂಕರಾಗಿರಲಿಲ್ಲ. ಕನ್ನಡಿಯ ಆಕಾರ ನೋಡುವ ಉಪಕರಣದಲ್ಲೇ ಒಂದು ಲೆನ್ಸ್ 1.3 ಮಿಲಿಮೀಟರ್ ತಪ್ಪಿ ಕೂತಿತ್ತು. ತಪ್ಪು ಅಳತೆಗೆ ತಕ್ಕ ಹಾಗೆ ಅವರು ಅತ್ಯಂತ ನಿಖರವಾಗಿ ಉಜ್ಜಿದ್ದರು. ಇದಕ್ಕಿಂತ ನೋವಿನ ವಿಷಯ ಇನ್ನೊಂದಿದೆ. ಬೇರೆ ಉಪಕರಣದ ಪರೀಕ್ಷೆಯಲ್ಲಿ ದೋಷ ಕಂಡಿತ್ತು, ಆದರೆ ಆ ಉಪಕರಣ ಅಷ್ಟು ನಿಖರವಲ್ಲ ಅಂತ ಆ ಫಲಿತಾಂಶವನ್ನು ಬದಿಗಿಟ್ಟರು. 1993ರ ಡಿಸೆಂಬರ್‌ನಲ್ಲಿ ಗಗನಯಾತ್ರಿಗಳು ಅಲ್ಲಿಗೇ ಹೋಗಿ ದೋಷ ಸರಿದೂಗಿಸುವ ಸಾಧನ ಕೂರಿಸಬೇಕಾಯಿತು.

ಇದರಿಂದ ನಾವು ಮಾಡಬೇಕಾದದ್ದು ಎರಡು. ಮುಖ್ಯ ಅಳತೆಯನ್ನು ಎರಡು ಬೇರೆ ವಿಧಾನದಿಂದ ಮಾಡಿ. ಎರಡಕ್ಕೂ ತಾಳೆ ಬೀಳದಿದ್ದರೆ, ನಮಗೆ ಇಷ್ಟವಾದ ಉತ್ತರ ಕೊಟ್ಟದ್ದನ್ನು ನಂಬಿ ಮುಂದೆ ಹೋಗಬೇಡಿ, ಯಾಕೆ ತಾಳೆಯಾಗಲಿಲ್ಲ ಅಂತ ತಿಳಿಯುವವರೆಗೆ ನಿಲ್ಲಿ.

ಬರೆದಿಟ್ಟ ಮಾತ್ರಕ್ಕೂ ಕೆಲಸ ಆಗುವುದಿಲ್ಲ. 1999ರ ಸೆಪ್ಟೆಂಬರ್ 23ರಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನೌಕೆ ಮಂಗಳದ ಹತ್ತಿರ ಕಳೆದುಹೋಯಿತು. ಭೂಮಿಯ ಮೇಲಿನ ಒಂದು ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಅಂಕಿ ಕೊಡುತ್ತಿತ್ತು, ಬಳಸುವವರು ಅದನ್ನು ನ್ಯೂಟನ್ ಲೆಕ್ಕ ಅಂತ ತಿಳಿದಿದ್ದರು. ಮೆಟ್ರಿಕ್ ಅಳತೆಯಲ್ಲೇ ಕೊಡಬೇಕು ಅಂತ ನಿಯಮದಲ್ಲಿ ಬರೆದೇ ಇತ್ತು! ಸಾಫ್ಟ್‌ವೇರ್ ಆ ನಿಯಮದಂತೆ ಇದೆಯೇ ಅಂತ ನೋಡಬೇಕಾದ ಪರೀಕ್ಷೆಯಲ್ಲಿ ಅದು ಸಿಕ್ಕಿಬೀಳಲಿಲ್ಲ. ಎರಡು ಟೀಮ್‌ಗಳ ಕೆಲಸ ಸೇರುವ ಜಾಗದಲ್ಲಿ ತಪ್ಪುಗಳು ಜಾಸ್ತಿ ಅಡಗಿರುತ್ತವೆ, ಅಲ್ಲಿ ನಿಜವಾದ ಅಂಕಿ ಕಳಿಸಿ, ಆ ಕಡೆ ಏನು ಬಂತು ಅಂತ ಕಣ್ಣಾರೆ ನೋಡಿ.

ಪರೀಕ್ಷೆಯಲ್ಲಿ ಎರಡು ಬಗೆ ಇರಲಿ. ಬರೆದ ಹಾಗೆ ಮಾಡಿದ್ದೇವೆಯೇ ಅಂತ ನೋಡುವುದು ವೆರಿಫಿಕೇಶನ್. ಬಳಸುವವರ ಕೆಲಸ ಇದರಿಂದ ನಡೆಯುತ್ತದೆಯೇ ಅಂತ ನೋಡುವುದು ವ್ಯಾಲಿಡೇಶನ್. ಎರಡನೆಯದಕ್ಕೆ ಟೀಮ್‌ನವರು ಬೇಡ. ರಿಸೆಪ್ಶನ್‌ನವರನ್ನೇ ಕೂರಿಸಿ, ಒಂದು ಕೆಲಸ ಹೇಳಿ, ಪಕ್ಕದಲ್ಲಿ ಬಾಯಿ ಮುಚ್ಚಿ ಕೂತು ನೋಡಿ. ಅವರು ಎಲ್ಲಿ ತಡವರಿಸುತ್ತಾರೋ ಅದನ್ನು ಬರೆದುಕೊಳ್ಳಿ. "ಅಲ್ಲಿ ಒತ್ತಿ" ಅಂತ ಹೇಳುವ ಆಸೆ ತಡೆಯುವುದು ಕಷ್ಟ, ಆದರೂ ತಡೆಯಿರಿ.

ಹಂತ 7: ತಪ್ಪು ಸಿಕ್ಕಾಗ ಕಾರಣ ಹುಡುಕಿ, ವ್ಯಕ್ತಿಯನ್ನಲ್ಲ

ಸಿಕ್ಕ ಪ್ರತಿ ತಪ್ಪನ್ನೂ ಒಂದು ಪಟ್ಟಿಗೆ ಹಾಕಿ. ಎಲ್ಲಿ, ಯಾವಾಗ, ಏನು ಮಾಡುವಾಗ ಕಂಡಿತು, ಎಷ್ಟು ಗಂಭೀರ. ವಾರಕ್ಕೊಮ್ಮೆ ಅವನ್ನು ಬಗೆಬಗೆಯಾಗಿ ವಿಂಗಡಿಸಿ ಎಣಿಸಿ. ಕ್ಲಿನಿಕ್ ವ್ಯವಸ್ಥೆಯಲ್ಲಿ 80 ತಪ್ಪು ಸಿಕ್ಕಿವೆ, ಅದರಲ್ಲಿ 34 ದಿನಾಂಕಕ್ಕೆ ಸಂಬಂಧಿಸಿದವು, 22 ಎಸ್ಸೆಮ್ಮೆಸ್ ಹೋಗದೇ ಇದ್ದವು, ಉಳಿದ 24 ಹತ್ತು ಬಗೆಯವು ಅಂದುಕೊಳ್ಳಿ. ಎರಡೇ ಬಗೆಯಲ್ಲಿ ನೂರಕ್ಕೆ 70 ಬಂತು. ಸಾಮಾನ್ಯವಾಗಿ ಹೀಗೇ ಇರುತ್ತದೆ. ಕೆಲವೇ ಕಾರಣಗಳು ಬಹುಪಾಲು ತೊಂದರೆ ಕೊಡುತ್ತವೆ. ಜುರಾನ್ ಇದಕ್ಕೆ ಇಟಲಿಯ ಅರ್ಥಶಾಸ್ತ್ರಜ್ಞ ಪ್ಯಾರೆಟೋ ಅವರ ಹೆಸರಿಟ್ಟರು. ಮೊದಲು ಆ ಎರಡನ್ನು ಹಿಡಿಯಿರಿ.

ಹಿಡಿದ ಮೇಲೆ ಯಾಕೆ, ಯಾಕೆ ಅಂತ ಕೇಳುತ್ತಾ ಕೆಳಗೆ ಇಳಿಯಿರಿ. ದಿನಾಂಕ ಯಾಕೆ ತಪ್ಪಾಯಿತು? ತಿಂಗಳು ಮತ್ತು ದಿನ ಅದಲುಬದಲಾಯಿತು. ಯಾಕೆ? ಜನ ಕೈಯಿಂದ ಟೈಪ್ ಮಾಡುತ್ತಾರೆ. ಯಾಕೆ? ಕ್ಯಾಲೆಂಡರ್ ಕೊಟ್ಟಿಲ್ಲ. ಯಾಕೆ? ಅಗತ್ಯಗಳ ಪಟ್ಟಿಯಲ್ಲಿ ದಿನಾಂಕ ಹೇಗೆ ತುಂಬಬೇಕು ಅಂತ ಬರೆದೇ ಇರಲಿಲ್ಲ. ಅಲ್ಲಿಗೆ ಹಂತ 2ಕ್ಕೆ ಬಂದು ನಿಂತಿರಿ. ರಿಸೆಪ್ಶನ್‌ನವರಿಗೆ "ಹುಷಾರಾಗಿ ಟೈಪ್ ಮಾಡಿ" ಅಂತ ಹೇಳಿದ್ದರೆ ಮುಂದಿನ ವಾರವೂ 34 ಬರುತ್ತಿತ್ತು. ಕಾರಣ ಹಲವು ಕಡೆಯಿಂದ ಬರಬಹುದು ಅನ್ನಿಸಿದರೆ ಮೀನಿನ ಮುಳ್ಳಿನ ಆಕಾರದ ಚಿತ್ರ ಬರೆಯಿರಿ. ತಲೆಯಲ್ಲಿ ತೊಂದರೆ, ಮುಳ್ಳುಗಳಲ್ಲಿ ಜನ, ಸಾಮಾನು, ಯಂತ್ರ, ವಿಧಾನ, ಅಳತೆ, ಸುತ್ತಲಿನ ಪರಿಸ್ಥಿತಿ. ಕೌರು ಇಶಿಕಾವಾ ಕೊಟ್ಟ ಈ ಚಿತ್ರ ಗೋಡೆಯ ಮೇಲೆ ದೊಡ್ಡದಾಗಿ ಬರೆದಾಗ ಎಲ್ಲರೂ ಮಾತಾಡಲು ಶುರು ಮಾಡುತ್ತಾರೆ, ಅದೇ ಅದರ ದೊಡ್ಡ ಉಪಯೋಗ.

ಈಗ ಬಹಳ ಮ್ಯಾನೇಜರ್‌ಗಳು ಎಡವುವ ಜಾಗ. ಪ್ರತಿ ಏರಿಳಿತಕ್ಕೂ ಹಾರಿ ಬೀಳಬೇಡಿ. ಸಹಾಯ ಕೇಳಿ ಬರುವ ಕರೆಗಳು ದಿನಕ್ಕೆ 8ರಿಂದ 15ರ ನಡುವೆ ಇರುತ್ತವೆ ಅಂದುಕೊಳ್ಳಿ. ಇವತ್ತು 14 ಬಂದರೆ ಯಾರನ್ನೂ ಕರೆದು ಕಾರಣ ಕೇಳಬೇಕಿಲ್ಲ, ಆ ವ್ಯವಸ್ಥೆಯ ಸಹಜ ಉಸಿರಾಟ ಅದು. 31 ಬಂದರೆ ಏನೋ ವಿಶೇಷ ಆಗಿದೆ, ಕೂಡಲೇ ಹುಡುಕಿ. ಸತತ ಏಳು ದಿನ ಸರಾಸರಿಗಿಂತ ಮೇಲೇ ಇದ್ದರೆ ಆಗಲೂ ಹುಡುಕಿ. ವಾಲ್ಟರ್ ಶೂಹಾರ್ಟ್ 1924ರಲ್ಲಿ ಬರೆದ ಕಂಟ್ರೋಲ್ ಚಾರ್ಟ್ ಇದನ್ನೇ ತೋರಿಸುತ್ತದೆ. ನಡುವೆ ಸರಾಸರಿಯ ಗೆರೆ, ಮೇಲೆ ಕೆಳಗೆ ಎರಡು ಮಿತಿಯ ಗೆರೆ, ಅಷ್ಟೇ.

ಗುಣಮಟ್ಟದ ಬಗ್ಗೆ ಪಾಠ ಹೇಳುತ್ತಿದ್ದ ಎಡ್ವರ್ಡ್ಸ್ ಡೆಮಿಂಗ್ ತಮ್ಮ ತರಗತಿಗಳಲ್ಲಿ ಇದನ್ನು ಮಣಿಗಳಿಂದ ತೋರಿಸುತ್ತಿದ್ದರು. ಪೆಟ್ಟಿಗೆಯಲ್ಲಿ ಬಿಳಿ ಮಣಿಗಳ ಜೊತೆ ಕೆಂಪು ಮಣಿ ಬೆರೆಸಿರುತ್ತಾರೆ. ಕೆಲಸಗಾರರು ತೂತುಗಳಿರುವ ಸೌಟಿನಿಂದ ತೋಡಬೇಕು, ಕೆಂಪು ಬಂದರೆ ತಪ್ಪು. ಒಬ್ಬರಿಗೆ ಕಡಿಮೆ ಬರುತ್ತದೆ, ಅವರಿಗೆ ಶಾಭಾಸ್‌ಗಿರಿ. ಇನ್ನೊಬ್ಬರಿಗೆ ಜಾಸ್ತಿ ಬರುತ್ತದೆ, ಅವರಿಗೆ ಬೈಗುಳ. ಪಾಪ, ಅವರ ಕೈಯಲ್ಲಿ ಏನೂ ಇಲ್ಲ, ಕೆಂಪು ಮಣಿ ಪೆಟ್ಟಿಗೆಯಲ್ಲೇ ಇದೆ. ನಿಮ್ಮ ಟೀಮ್‌ನಲ್ಲಿ ಒಬ್ಬರ ಮೇಲೆ ಸಿಟ್ಟು ಬಂದಾಗ ಒಂದು ಕ್ಷಣ ನಿಂತು ಪೆಟ್ಟಿಗೆಯ ಕಡೆ ನೋಡಿ ಅಂತ ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಹಂತ 8: ಡೆಡ್‌ಲೈನ್ ಒತ್ತಡ ಬಂದಾಗ

ಬಂದೇ ಬರುತ್ತದೆ. ಆಗ ಮೊದಲು ಕತ್ತರಿ ಬೀಳುವುದು ಪರೀಕ್ಷೆಯ ದಿನಗಳಿಗೆ, ಯಾಕೆಂದರೆ ಅವು ಕೊನೆಯಲ್ಲಿ ಇರುತ್ತವೆ ಮತ್ತು ಕತ್ತರಿಸಿದ್ದು ತಕ್ಷಣ ಯಾರಿಗೂ ಕಾಣುವುದಿಲ್ಲ. ನಾನಿದ್ದ ಒಂದು ಪ್ರಾಜೆಕ್ಟ್‌ನಲ್ಲಿ ಹತ್ತು ದಿನದ ಪರೀಕ್ಷೆಯನ್ನು ಮೂರಕ್ಕೆ ಇಳಿಸಿದೆವು. ಹೇಳಿದ ದಿನಕ್ಕೆ ಕೊಟ್ಟೆವು, ಎಲ್ಲರೂ ಖುಷಿಪಟ್ಟರು. ಮುಂದಿನ ಎರಡು ತಿಂಗಳು ಅದೇ ಟೀಮ್ ಹಗಲು ರಾತ್ರಿ ಬರೀ ದೂರುಗಳನ್ನು ಸರಿ ಮಾಡಿತು, ಇಬ್ಬರು ಕೆಲಸ ಬಿಟ್ಟರು. ಉಳಿಸಿದ್ದು ಏಳು ದಿನ.

ಈಗ ನಾನು ಮಾಡುವುದು ಹೀಗೆ. ಸಮಯ ಸಾಲದು ಅಂತ ಗೊತ್ತಾದ ದಿನವೇ ಕ್ಲೈಂಟ್ ಹತ್ತಿರ ಹೋಗಿ ಕೆಲಸದ ಪಟ್ಟಿ ಮುಂದಿಡುತ್ತೇನೆ. "ಹತ್ತು ಸೌಲಭ್ಯದಲ್ಲಿ ಏಳನ್ನು ಪೂರ್ತಿ ಪರೀಕ್ಷೆ ಮಾಡಿ ಆ ದಿನಕ್ಕೆ ಕೊಡುತ್ತೇವೆ, ಮೂರು ಮುಂದಿನ ತಿಂಗಳು. ಅಥವಾ ಹತ್ತೂ ಬೇಕೆಂದರೆ ದಿನ ಮುಂದಕ್ಕೆ ಹೋಗುತ್ತದೆ. ನಿಮಗೆ ಯಾವುದು ಸರಿ?" ಹತ್ತನ್ನೂ ಅರೆಬರೆ ಕೊಡುವ ಆಯ್ಕೆಯನ್ನು ನಾನು ಮುಂದಿಡುವುದೇ ಇಲ್ಲ. ಬಹಳ ಜನ ಮೊದಲನೆಯದನ್ನೇ ಆರಿಸುತ್ತಾರೆ. ಮಧ್ಯದಲ್ಲಿ ಹೊಸ ಬೇಡಿಕೆ ಬಂದರೂ ಇದೇ ದಾರಿ. ಸಣ್ಣದೇ ಇರಲಿ, ಅದರ ಪರೀಕ್ಷೆಗೆ ಎಷ್ಟು ದಿನ ಅಂತ ಬರೆದು, ಒಪ್ಪಿಗೆ ಪಡೆದು, ಆಮೇಲೆ ಕೈ ಹಾಕಿ.

ಹಂತ 9: ಹಸ್ತಾಂತರ, ಮತ್ತು ಮೂವತ್ತು ದಿನ ಆದ ಮೇಲೆ ಇನ್ನೊಂದು ಸಲ

ಕೊಡುವ ದಿನ ಹಂತ 2ರ ಪಟ್ಟಿಯನ್ನೇ ಕೈಯಲ್ಲಿ ಹಿಡಿದು ಒಂದೊಂದು ಸಾಲನ್ನೂ ಕ್ಲೈಂಟ್ ಎದುರಿಗೇ ನೋಡಿ ಟಿಕ್ ಹಾಕಿ. ಇನ್ನೂ ಉಳಿದಿರುವ ತಪ್ಪುಗಳನ್ನು ನೀವಾಗಿಯೇ ಬರೆದು ಕೊಡಿ, ಯಾವುದನ್ನು ಯಾವ ದಿನಕ್ಕೆ ಸರಿ ಮಾಡುತ್ತೀರಿ ಅಂತ ಪಕ್ಕದಲ್ಲಿ ಹಾಕಿ. ಅವರಾಗಿ ಕಂಡುಹಿಡಿದ ಸಣ್ಣ ತಪ್ಪಿಗಿಂತ ನೀವಾಗಿ ಹೇಳಿದ ದೊಡ್ಡ ತಪ್ಪನ್ನು ಅವರು ಸಮಾಧಾನದಿಂದ ತೆಗೆದುಕೊಳ್ಳುತ್ತಾರೆ, ಇದು ನನ್ನ ಅನುಭವ. ದಿನನಿತ್ಯ ಬಳಸುವವರಿಗೆ ತರಬೇತಿ ಕೊಟ್ಟು, ಕೆಟ್ಟಾಗ ಯಾರಿಗೆ ಫೋನ್ ಮಾಡಬೇಕು ಅಂತ ಒಂದು ಚೀಟಿ ಬರೆದು ಅಂಟಿಸಿ ಬನ್ನಿ.

ಮೂವತ್ತು ದಿನ ಬಿಟ್ಟು ಯಾರೂ ಕರೆಯದಿದ್ದರೂ ಹೋಗಿ. ಹಂತ 1ರಲ್ಲಿ ಮಾತಾಡಿಸಿದವರನ್ನೇ ಮತ್ತೆ ಮಾತಾಡಿಸಿ. ರಿಸೆಪ್ಶನ್‌ನವರ ಮೇಜಿನ ಮೇಲೆ ಹಳೆಯ ಅಪಾಯಿಂಟ್‌ಮೆಂಟ್ ಪುಸ್ತಕ ಇನ್ನೂ ಇದೆಯೇ ನೋಡಿ. ಇದ್ದರೆ ಅದರಲ್ಲಿ ಇವತ್ತಿಗೂ ಏನು ಬರೆಯುತ್ತಿದ್ದಾರೆ, ಯಾಕೆ ಬರೆಯುತ್ತಿದ್ದಾರೆ ಅಂತ ಕೇಳಿ. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಂಡು ಬಂದು, ಅದೇ ದಿನ ಮುಂದಿನ ಪ್ರಾಜೆಕ್ಟ್‌ನ ಅಗತ್ಯಗಳ ಪಟ್ಟಿಯ ಮೊದಲ ಸಾಲಿಗೆ ಸೇರಿಸಿ.